ಹುಟ್ಟೂರಿಗೆ ಬಾರದ ಉತ್ಸವ

2022ರ ಡಿಸೆಂಬರ್ 10 ಮತ್ತು 11ರಂದು ನಮ್ಮ ದೇಶದ ಸುಮಾರು ಇಪ್ಪತ್ತು ನಗರಗಳಲ್ಲಿ ದಿಲೀಪ್ ಕುಮಾರ್ ಚಲನಚಿತ್ರೋತ್ಸವ ನಡೆಯಿತು. 'ಆನ್', 'ದೇವದಾಸ್', 'ರಾಮ್ ಔರ್ ಶ್ಯಾಮ್', 'ಶಕ್ತಿ' ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಮತ್ತೆ ತೋರಿಸಲಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ದೇವ್ ಆನಂದ್ ಶತಮಾನೋತ್ಸವದ ಸರದಿ. 2024ರ ಡಿಸೆಂಬರ್ 13ರಿಂದ 15ರವರೆಗೆ ರಾಜ್ ಕಪೂರ್ ಉತ್ಸವ. 40 ನಗರಗಳು, 135 ಚಿತ್ರಮಂದಿರಗಳು, 10 ಚಿತ್ರಗಳು, ಟಿಕೆಟ್ ದರ ನೂರು ರೂಪಾಯಿ. ಹಳೆಯ ಚಿತ್ರಗಳನ್ನು ಧೂಳಿನಿಂದ ಎತ್ತಿ, ಒರೆಸಿ, ಜನರ ಮುಂದಿಟ್ಟ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನಂಥ ಸಂಸ್ಥೆಗಳನ್ನು ಅಭಿನಂದಿಸಲೇಬೇಕು. ಇಷ್ಟು ಅಚ್ಚುಕಟ್ಟಾದ ಕೆಲಸ ನಮ್ಮಲ್ಲಿ ಅಪರೂಪ.

ಆದರೆ ಈ ಮೂರೂ ಉತ್ಸವಗಳು ಒಂದು ಕಡೆಗೆ ಮಾತ್ರ ಹೋಗಲಿಲ್ಲ. ಆ ಮೂವರೂ ಹುಟ್ಟಿದ ಊರಿಗೆ ಹೋಗಲಿಲ್ಲ.

ದಿಲೀಪ್ ಕುಮಾರ್ ಎಂದು ಜಗತ್ತು ಕರೆದ ಮುಹಮ್ಮದ್ ಯೂಸುಫ್ ಖಾನ್ ಹುಟ್ಟಿದ್ದು 1922ರ ಡಿಸೆಂಬರ್ 11ರಂದು, ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನ ಹಿಂದಿನ ಮೊಹಲ್ಲಾ ಖುದಾದಾದ್‌ನಲ್ಲಿ. ರಾಜ್ ಕಪೂರ್ ಹುಟ್ಟಿದ್ದು ಅದೇ ಊರಿನಲ್ಲಿ, 1924ರ ಡಿಸೆಂಬರ್ 14ರಂದು. ಎರಡು ಮನೆಗಳ ನಡುವೆ ಇರುವುದು ಕಾಲ್ನಡಿಗೆಯ ದೂರ. ದೇವ್ ಆನಂದ್ ಹುಟ್ಟಿದ್ದು 1923ರ ಸೆಪ್ಟೆಂಬರ್ 26ರಂದು, ಅಂದಿನ ಗುರುದಾಸಪುರ ಜಿಲ್ಲೆಯ ಶಕರ್‌ಗಢದಲ್ಲಿ. ಅದು ಈಗ ಪಾಕಿಸ್ತಾನದ ನಾರೋವಾಲ್ ಜಿಲ್ಲೆಗೆ ಸೇರಿದೆ. ಸ್ವತಂತ್ರ ಭಾರತದ ಮೊದಲ ಎರಡು ದಶಕ ಹಿಂದಿ ಚಿತ್ರರಂಗವನ್ನು ಆಳಿದ ಮೂವರು ನಾಯಕರ ತೊಟ್ಟಿಲು ತೂಗಿದ ಮನೆಗಳು ಮೂರೂ ಗಡಿಯ ಆಚೆಗಿವೆ. ಇದು ಯಾರ ಪಿತೂರಿಯೂ ಅಲ್ಲ, ಇತಿಹಾಸ. ಆದರೆ ಆ ಇತಿಹಾಸವನ್ನು ಎರಡೂ ಕಡೆಯವರು ಹೇಗೆ ನಡೆಸಿಕೊಳ್ಳುತ್ತಿದ್ದಾರೆ ಎಂಬುದರ ಬಗ್ಗೆ ನಮಗೆ ತಕರಾರಿದೆ.

ಮೊದಲು ಪೇಶಾವರವನ್ನೇ ಕೇಳೋಣ. 2014ರಲ್ಲಿ ಪಾಕಿಸ್ತಾನ ಸರ್ಕಾರ ದಿಲೀಪ್ ಕುಮಾರ್ ಹುಟ್ಟಿದ ಮನೆಯನ್ನು ರಾಷ್ಟ್ರೀಯ ಪಾರಂಪರಿಕ ಕಟ್ಟಡವೆಂದು ಘೋಷಿಸಿತು. ಘೋಷಣೆಯಾಯಿತೇ ಹೊರತು ಮನೆ ಕುಸಿಯುವುದು ನಿಲ್ಲಲಿಲ್ಲ. 2020ರಲ್ಲಿ ಖೈಬರ್ ಪಖ್ತೂನ್‌ಖ್ವಾ ಪ್ರಾಂತೀಯ ಸರ್ಕಾರ ಎರಡೂ ಮನೆಗಳನ್ನು ಕೊಂಡು ವಸ್ತುಸಂಗ್ರಹಾಲಯ ಮಾಡುವುದಾಗಿ ಹೇಳಿತು. ದಿಲೀಪ್ ಕುಮಾರರ ನಾಲ್ಕು ಮರ್ಲಾ ಮನೆಗೆ ಎಂಬತ್ತು ಲಕ್ಷ ಪಾಕಿಸ್ತಾನಿ ರೂಪಾಯಿಗೆ ತುಸು ಹೆಚ್ಚು, ರಾಜ್ ಕಪೂರರ ಆರು ಮರ್ಲಾ ಹವೇಲಿಗೆ ಒಂದೂವರೆ ಕೋಟಿ ಎಂದು ಬೆಲೆ ಕಟ್ಟಲಾಯಿತು. ನಾಲ್ಕು ಮರ್ಲಾ ಎಂದರೆ ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗಿಂತ ಚಿಕ್ಕದು. ಮಾಲೀಕರು ಆ ಬೆಲೆಗೆ ಒಪ್ಪಲಿಲ್ಲ. ಕಡತ ಓಡಾಡಿತು, ವ್ಯಾಜ್ಯ ಕೋರ್ಟು ಮೆಟ್ಟಿಲು ಹತ್ತಿತು. ಈ ನಡುವೆ 2021ರ ಜುಲೈ 7ರಂದು ಮುಂಬಯಿಯಲ್ಲಿ ದಿಲೀಪ್ ಕುಮಾರ್ ತೀರಿಕೊಂಡರು. 2025ರಲ್ಲಿ ಮನೆಗಳ ದುರಸ್ತಿಗೆ ಹಣ ಮಂಜೂರಾದ ಸುದ್ದಿ ಬಂತು. ಹಣ ಬಂದದ್ದು ಒಳ್ಳೆಯದೇ, ಗೋಡೆಗಳು ನಿಲ್ಲಲಿ.

ಗೋಡೆ ನಿಂತ ಮೇಲೆ ಒಳಗೆ ಏನನ್ನು ತೋರಿಸುತ್ತೀರಿ? ನಮ್ಮ ಪ್ರಶ್ನೆ ಇಷ್ಟೇ. 2019ರಿಂದ ಪಾಕಿಸ್ತಾನದ ಚಿತ್ರಮಂದಿರಗಳಲ್ಲಿ ಹಿಂದಿ ಚಿತ್ರಗಳ ಪ್ರದರ್ಶನ ನಿಂತಿದೆ. ಅಂದರೆ ಯೂಸುಫ್ ಖಾನ್ ಹುಟ್ಟಿದ ಕೋಣೆ ಪಾರಂಪರಿಕ, ಯೂಸುಫ್ ಖಾನ್ ಮಾಡಿದ ಕೆಲಸ ನಿಷಿದ್ಧ! ಮಗುವಿನ ತೊಟ್ಟಿಲಿಗೆ ಹೂವಿನ ಹಾರ, ಆ ಮಗು ಬೆಳೆದು ಆಡಿದ ಮಾತಿಗೆ ಬೀಗ. ಇದನ್ನು ಗೌರವ ಎನ್ನುವುದು ಹೇಗೆ? ನಟನೊಬ್ಬನ ಪರಂಪರೆ ಇರುವುದು ಅವನು ಹುಟ್ಟಿದ ಮನೆಯ ಮರದ ಕಂಬಗಳಲ್ಲಲ್ಲ. ಬೆಳಕು ಆರಿದ ಸಭಾಂಗಣದಲ್ಲಿ ಅವನ ಮುಖ ಕಂಡಾಗ ಜನರ ಉಸಿರು ಬಿಗಿಹಿಡಿಯುತ್ತದಲ್ಲ, ಅಲ್ಲಿದೆ.

ಈ ಬೀಗ ಹೊಸದಲ್ಲ. 1965ರ ಯುದ್ಧದ ನಂತರ ಪಾಕಿಸ್ತಾನ ಭಾರತೀಯ ಚಿತ್ರಗಳನ್ನು ನಿಷೇಧಿಸಿತು. ನಾಲ್ಕು ದಶಕಗಳ ಬಳಿಕ, 2006ರಲ್ಲಿ, ಬಣ್ಣ ತುಂಬಿದ 'ಮೊಘಲ್-ಎ-ಆಜಮ್' ಅಲ್ಲಿನ ಚಿತ್ರಮಂದಿರಗಳಿಗೆ ಬಂತು. 1960ರಲ್ಲಿ ತಯಾರಾದ ಆ ಚಿತ್ರದಲ್ಲಿ ಸಲೀಮನ ಪಾತ್ರ ಮಾಡಿದವರು ಪೇಶಾವರದ ಯೂಸುಫ್ ಖಾನ್. ಅಕ್ಬರನ ಪಾತ್ರ ಮಾಡಿದವರು ಪೇಶಾವರದ ಎಡ್ವರ್ಡ್ಸ್ ಕಾಲೇಜಿನಲ್ಲಿ ಓದಿದ ಪೃಥ್ವಿರಾಜ್ ಕಪೂರ್. ಅನಾರ್ಕಲಿಯಾದ ಮಧುಬಾಲಾರ ತಂದೆಯ ಮೂಲವೂ ಪೇಶಾವರದ ಕಣಿವೆಯೇ. ಮುಸಲ್ಮಾನ ಚಕ್ರವರ್ತಿಯ ಪಾತ್ರ ಒಬ್ಬ ಹಿಂದೂ ನಟನಿಗೆ, ಮಗನ ಪಾತ್ರ ಒಬ್ಬ ಮುಸಲ್ಮಾನ ನಟನಿಗೆ. ಇಬ್ಬರೂ ಒಂದೇ ಊರಿನ ಗಾಳಿ ಕುಡಿದು ಬೆಳೆದವರು. ಆ ಊರಿನವರು ಈ ಚಿತ್ರವನ್ನು ತಮ್ಮದೆಂದು ಎದೆ ತಟ್ಟಿ ಹೇಳಬೇಕಿತ್ತು. ಬದಲಿಗೆ ಅವರು ವರ್ಷಾನುಗಟ್ಟಲೆ ಕಳ್ಳ ಕ್ಯಾಸೆಟ್ಟುಗಳಲ್ಲಿ ದಿಲೀಪ್ ಕುಮಾರರನ್ನು ನೋಡಬೇಕಾಯಿತು. ತಮ್ಮ ಮನೆಮಗನನ್ನು ಕದ್ದು ನೋಡಬೇಕಾದ ಸ್ಥಿತಿ ಯಾವ ಊರಿಗೂ ಬರಬಾರದು.

ಸರ್ಕಾರವೊಂದೇ ಬಾಗಿಲು ಹಾಕಿದ್ದಲ್ಲ. 2002ರಲ್ಲಿ ಅಂದಿನ ವಾಯವ್ಯ ಗಡಿ ಪ್ರಾಂತ್ಯದಲ್ಲಿ ಅಧಿಕಾರಕ್ಕೆ ಬಂದ ಧಾರ್ಮಿಕ ಪಕ್ಷಗಳ ಕೂಟ ಬಸ್ಸುಗಳಲ್ಲಿ ಸಂಗೀತ ನಿಲ್ಲಿಸಿತು, ಪೇಶಾವರದ ನಿಶ್ತರ್ ಹಾಲ್‌ನಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ತಡೆ ಹಾಕಿತು. 2014ರ ಫೆಬ್ರವರಿಯಲ್ಲಿ ಹತ್ತು ದಿನಗಳ ಅಂತರದಲ್ಲಿ ಪೇಶಾವರದ ಎರಡು ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. ಮೊದಲು ಪಿಕ್ಚರ್ ಹೌಸ್, ಆಮೇಲೆ ಶಮಾ. ಸಿನಿಮಾ ನೋಡಲು ಬಂದ ಬಡ ಜನ ಸತ್ತರು. ಸತ್ತವರು ಯಾರು? ಮುಸಲ್ಮಾನರೇ. ಕೊಂದವರು ಯಾರ ಹೆಸರಿನಲ್ಲಿ ಕೊಂದರು? ಧರ್ಮದ ಹೆಸರಿನಲ್ಲಿ. ಅದೇ ವರ್ಷ ಜುಲೈನಲ್ಲಿ ದಿಲೀಪ್ ಕುಮಾರರ ಮನೆ ಪಾರಂಪರಿಕವಾಯಿತು. ಸಿನಿಮಾ ನೋಡುವವನ ಜೀವಕ್ಕೆ ಭದ್ರತೆ ಕೊಡಲಾಗದ ಪ್ರಭುತ್ವ ಸಿನಿಮಾ ನಟನ ಮನೆಗೆ ಫಲಕ ಕೊಟ್ಟಿತು.

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಸಿನಿಮಾ ನಮಗೆ ಬೇಡ ಎಂದು ಶ್ರದ್ಧೆಯಿಂದ ದೂರ ಉಳಿಯುವವರಿದ್ದಾರೆ. ಅವರ ನಿಲುವನ್ನು ನಾವು ಗೌರವಿಸುತ್ತೇವೆ. ನೋಡುವುದು ಎಷ್ಟು ಹಕ್ಕೋ ನೋಡದಿರುವುದೂ ಅಷ್ಟೇ ಹಕ್ಕು. ನಮ್ಮ ಜಗಳ ಅವರೊಂದಿಗಲ್ಲ. ವೇದಿಕೆ ಹತ್ತಿ ಸಿನಿಮಾ ಹರಾಮು ಎಂದು ಗುಡುಗಿ, ವೇದಿಕೆ ಇಳಿದ ಮೇಲೆ "ದಿಲೀಪ್ ಕುಮಾರ್ ಯಾರು ಗೊತ್ತೇನು? ನಮ್ಮ ಯೂಸುಫ್ ಖಾನ್" ಎಂದು ಮೀಸೆ ತಿರುವುವವರೊಂದಿಗೆ. ಹೆಸರು ನಮ್ಮದಾಗಬೇಕು, ಕಸುಬು ನಮ್ಮದಾಗಬಾರದು ಎಂದರೆ ಹೇಗೆ ಸ್ವಾಮಿ? ಆ ಹೆಸರಿಗೆ ಹೊಳಪು ಬಂದದ್ದು ಆ ಕಸುಬಿನಿಂದಲೇ. ಕಲಾವಿದನನ್ನು ಸಮುದಾಯದ ಲೆಕ್ಕದ ಪುಸ್ತಕದಲ್ಲಿ ಜಮಾ ಮಾಡಿಕೊಂಡು, ಕಲೆಯನ್ನು ಖರ್ಚಿನ ಬದಿಗೆ ಬರೆಯುವ ಈ ಜಾಣತನ ನಮಗೆ ಬೇಡ.

ಇನ್ನು ಗಡಿಯ ಈಚೆಗೆ ಬರೋಣ. ಪೇಶಾವರವನ್ನು ಬಯ್ದು ಮುಗಿಸುವುದು ಸುಲಭ. ಅದಕ್ಕೆ ಇಲ್ಲಿ ಚಪ್ಪಾಳೆಯೂ ಸಿಗುತ್ತದೆ. ಆದರೆ ದಿಲೀಪ್ ಕುಮಾರರನ್ನು ನಾವು ಹೇಗೆ ನಡೆಸಿಕೊಂಡೆವು? 1998ರಲ್ಲಿ ಪಾಕಿಸ್ತಾನ ಅವರಿಗೆ ನಿಶಾನ್-ಎ-ಇಮ್ತಿಯಾಜ್ ಪ್ರಶಸ್ತಿ ಕೊಟ್ಟಿತು. ಅದೇ ವರ್ಷ ದೀಪಾ ಮೆಹ್ತಾರ 'ಫೈರ್' ಚಿತ್ರದ ಮೇಲಿನ ದಾಳಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ದಿಲೀಪ್ ಕುಮಾರ್ ಕೂಡ ಇದ್ದರು. ಅದಕ್ಕೆ ಉತ್ತರವಾಗಿ ಶಿವಸೈನಿಕರು ಅವರ ಮನೆಯ ಮುಂದೆ ಒಳಚಡ್ಡಿಯಲ್ಲಿ ಬಂದು ಪ್ರತಿಭಟಿಸಿದರು. 1999ರಲ್ಲಿ ಕಾರ್ಗಿಲ್ ಯುದ್ಧದ ಹೊತ್ತಿಗೆ ಆ ಪ್ರಶಸ್ತಿಯನ್ನು ಹಿಂದಿರುಗಿಸಿ ದೇಶಭಕ್ತಿ ಸಾಬೀತು ಮಾಡಬೇಕೆಂಬ ಒತ್ತಾಯ ಶುರುವಾಯಿತು. 55 ವರ್ಷ ಈ ದೇಶದ ಜನರನ್ನು ನಗಿಸಿ ಅಳಿಸಿದ ಮನುಷ್ಯ, ಎಪ್ಪತ್ತಾರರ ವಯಸ್ಸಿನಲ್ಲಿ ಪ್ರಧಾನಿ ವಾಜಪೇಯಿಯವರ ಬಳಿಗೆ ಹೋಗಬೇಕಾಯಿತು. ಇಟ್ಟುಕೊಳ್ಳುವುದೂ ಬಿಡುವುದೂ ಅವರ ಸ್ವಂತ ತೀರ್ಮಾನ ಎಂದು ವಾಜಪೇಯಿ ಹೇಳಿದರು. ಪ್ರಧಾನಿ ದೊಡ್ಡತನ ತೋರಿಸಿದರು, ನಿಜ. ಆದರೆ ಆ ಪ್ರಶ್ನೆ ಹುಟ್ಟಿದ್ದೇ ಸಣ್ಣತನದಿಂದ.

ಹೆಸರಿನ ಪ್ರಶ್ನೆಯನ್ನೂ ಆಗಾಗ ಎತ್ತುತ್ತಾರೆ. ಮುಸಲ್ಮಾನನೆಂದು ಮರೆಮಾಚಲು ಹಿಂದೂ ಹೆಸರಿಟ್ಟುಕೊಂಡ ಎಂದು ಒಂದು ಬಣ, ಹೆಸರು ಬಿಟ್ಟವನು ಧರ್ಮವನ್ನೂ ಬಿಟ್ಟ ಎಂದು ಇನ್ನೊಂದು ಬಣ. 1944ರಲ್ಲಿ 'ಜ್ವಾರ್ ಭಾಟಾ' ತೆರೆಗೆ ಬರುವ ಮುನ್ನ ಆ ಹೆಸರನ್ನು ಸೂಚಿಸಿದವರು ಬಾಂಬೆ ಟಾಕೀಸಿನ ಒಡತಿ ದೇವಿಕಾ ರಾಣಿ. ಮುಂದೆ ನಮ್ಮ ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ ಆಕೆಯೇ. ಯೂಸುಫನಿಗೂ ಆ ಹೆಸರು ಅನುಕೂಲವಾಗಿತ್ತು. ಹಣ್ಣಿನ ವ್ಯಾಪಾರಿಯಾದ ತಂದೆ ಗುಲಾಂ ಸರ್ವರ್ ಖಾನರಿಗೆ ನಾಟಕ-ಸಿನಿಮಾ ಎಂದರೆ ಆಗುತ್ತಿರಲಿಲ್ಲ. ಆ ಕಡೆಯೂ ನೋಡಿ: ಪಾಕಿಸ್ತಾನ ಹುಟ್ಟಿದ ಮೇಲೂ ಅಲ್ಲಿ ನಾಯಕನಾಗಿ ಮೆರೆದ ಸೈಯದ್ ಮೂಸಾ ರಜಾ ಅವರ ತೆರೆಯ ಹೆಸರು ಸಂತೋಷ್ ಕುಮಾರ್. ಅಬೊಟಾಬಾದಿನಲ್ಲಿ ಹುಟ್ಟಿ ಇಲ್ಲಿ 'ಭಾರತ್ ಕುಮಾರ್' ಎಂದೇ ಪ್ರಸಿದ್ಧರಾದ ಮನೋಜ್ ಕುಮಾರ್ ತಮ್ಮ ಹೆಸರನ್ನು ಆರಿಸಿಕೊಂಡದ್ದು 1949ರ 'ಶಬನಂ' ಚಿತ್ರದ ದಿಲೀಪ್ ಕುಮಾರರ ಪಾತ್ರದಿಂದ. ದೇಶಭಕ್ತಿಯ ಚಿತ್ರಗಳಿಗೆ ಮಾದರಿಯೆನಿಸಿದ ನಟನ ಹೆಸರು ಒಬ್ಬ ಪೇಶಾವರಿ ಮುಸಲ್ಮಾನನ ಪಾತ್ರದಿಂದ ಬಂದದ್ದು! ಹೆಸರುಗಳಿಗೆ ಜಾತಿ ಪ್ರಮಾಣಪತ್ರ ಕೇಳುವವರು ಇದಕ್ಕೆ ಏನು ಹೇಳುತ್ತಾರೆ?

ಬಾಗಿಲು ಹಾಕುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. 2016ರ ಉರಿ ದಾಳಿಯ ನಂತರ ಮುಂಬಯಿಯ ನಿರ್ಮಾಪಕರ ಸಂಘ ಪಾಕಿಸ್ತಾನಿ ಕಲಾವಿದರನ್ನು ದೂರವಿಟ್ಟಿತು. 2024ರ ಅಕ್ಟೋಬರಿನಲ್ಲಿ ಪಂಜಾಬಿನಲ್ಲಿ ತೆರೆಗೆ ಬರಬೇಕಿದ್ದ ಪಾಕಿಸ್ತಾನಿ ಚಿತ್ರ 'ದಿ ಲೆಜೆಂಡ್ ಆಫ್ ಮೌಲಾ ಜಟ್' ಬರಲೇ ಇಲ್ಲ. ನೀನು ಹಾಕಿದರೆ ನಾನೂ ಹಾಕುತ್ತೇನೆ ಎಂಬ ಈ ಪೈಪೋಟಿಯಲ್ಲಿ ಸೋತವರು ಸರ್ಕಾರಗಳಲ್ಲ, ಟಿಕೆಟ್ ಕೊಳ್ಳುವ ಜನ.

ಗಡಿಯಲ್ಲಿ ಸೈನಿಕರು ಸಾಯುತ್ತಿರುವಾಗ ನಿಮಗೆ ಉತ್ಸವ ಬೇಕೇ ಎಂದು ಕೇಳುವವರಿದ್ದಾರೆ. ಗಂಭೀರ ಪ್ರಶ್ನೆ, ಹಾರಿಸಿ ಉತ್ತರಿಸುವಂಥದ್ದಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದವರು ಮನುಷ್ಯ ಕುಲದ ವೈರಿಗಳು. ಕೊಂದವರಿಗೂ ಅವರಿಗೆ ನೆರಳು ಕೊಟ್ಟವರಿಗೂ ಶಿಕ್ಷೆಯಾಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆ ಬೀಳಬೇಕಾದದ್ದು ಅಪರಾಧಿಗೆ. 1955ರ 'ದೇವದಾಸ್' ಯಾರನ್ನು ಕೊಂದಿತು? 1961ರ 'ಗಂಗಾ ಜಮುನಾ'ದಲ್ಲಿ ಪೇಶಾವರದ ಪಠಾಣನೊಬ್ಬ ಅವಧ್ ಸೀಮೆಯ ಹಳ್ಳಿಗನ ಭಾಷೆಯನ್ನು ಅಲ್ಲೇ ಹುಟ್ಟಿದವನಂತೆ ಆಡಿದ್ದು ಯಾವ ದೇಶದ ಭದ್ರತೆಗೆ ಧಕ್ಕೆ? ಸಿನಿಮಾ ಮಂದಿರಕ್ಕೆ ಬಾಂಬಿಟ್ಟವರೂ ಪ್ರವಾಸಿಗರ ಮೇಲೆ ಗುಂಡು ಹಾರಿಸಿದವರೂ ದ್ವೇಷಿಸುವುದು ಒಂದನ್ನೇ: ಬೇರೆ ಬೇರೆ ಮನುಷ್ಯರು ಒಂದೆಡೆ ನಿಶ್ಚಿಂತೆಯಿಂದ ಸೇರುವುದನ್ನು. ಹಾಗೆ ಸೇರುವ ಜಾಗಗಳಿಗೆ ನಾವೇ ಬೀಗ ಹಾಕಿದರೆ ಅವರ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಗಡಿಯಲ್ಲಿ ದಾರಿ ಮಾಡಲಾಗದು ಎಂದೂ ಯಾರೂ ಹೇಳಬೇಡಿ. 2019ರ ನವೆಂಬರ್ 9ರಂದು ಕರ್ತಾರ್‌ಪುರ ಕಾರಿಡಾರ್ ತೆರೆಯಿತು. ಭಾರತದ ಸಿಖ್ಖರು ವೀಸಾ ಇಲ್ಲದೆ ಗುರು ನಾನಕರ ಗುರುದ್ವಾರಕ್ಕೆ ಹೋಗಿ ಬರುವಂತಾಯಿತು. ಹಿಂದಿ ಸಿನಿಮಾಗಳಿಗೆ ಬಾಗಿಲು ಮುಚ್ಚಿದ ವರ್ಷವೂ ಅದೇ. ಆ ಗುರುದ್ವಾರ ಇರುವುದು ಯಾವ ತಹಸೀಲಿನಲ್ಲಿ ಗೊತ್ತೇ? ಶಕರ್‌ಗಢ, ದೇವ್ ಆನಂದ್ ಹುಟ್ಟಿದ ಅದೇ ಶಕರ್‌ಗಢ. ಸಾವಿರಾರು ಯಾತ್ರಿಕರು ದೇವ್ ಆನಂದರ ಹುಟ್ಟೂರಿನ ಸೀಮೆಗೆ ಹೋಗಿ ಪ್ರಸಾದ ಉಂಡು ಬಂದರು. ದೇವ್ ಆನಂದರ ಚಿತ್ರದ ಒಂದು ಪ್ರತಿ ಮಾತ್ರ ಆ ದಾರಿಯಲ್ಲಿ ಹೋಗಲಾರದೆ ಉಳಿಯಿತು. 2025ರ ಮೇ ತಿಂಗಳ ಸಂಘರ್ಷದಲ್ಲಿ ಭಾರತ ಆ ಕಾರಿಡಾರನ್ನೂ ಮುಚ್ಚಿತು. ಮನಸ್ಸಿದ್ದಾಗ ದಾರಿ ತೆರೆದವರೂ ಮನಸ್ಸು ಕೆಟ್ಟಾಗ ಮುಚ್ಚಿದವರೂ ಮನುಷ್ಯರೇ ತಾನೆ?

ಕೈಯಲ್ಲಿರುವ ಫೋನಿನಲ್ಲೇ ಎಲ್ಲ ಸಿನಿಮಾ ಸಿಗುವಾಗ ಉತ್ಸವವೇಕೆ ಎನ್ನುವ ಬುದ್ಧಿವಂತರೂ ಇದ್ದಾರೆ. ಕುರಾನ್, ಗೀತೆ, ಬೈಬಲ್ ಕೂಡ ಫೋನಿನಲ್ಲಿ ಸಿಗುತ್ತವೆ. ಮಸೀದಿ, ಮಂದಿರ, ಇಗರ್ಜಿಗಳನ್ನು ಯಾರೂ ಮುಚ್ಚಿಲ್ಲ. ಒಬ್ಬನೇ ನೋಡುವುದು ಬೇರೆ, ಊರು ಕೂಡಿ ನೋಡುವುದು ಬೇರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಡಿಯಾನಾ ಎಂಬ ಸಣ್ಣ ಊರಿದೆ, ನಟ ಜೇಮ್ಸ್ ಸ್ಟೂವರ್ಟ್ ಹುಟ್ಟಿದ ಊರು. ತಂದೆಯದು ಅಲ್ಲಿ ಹಾರ್ಡ್‌ವೇರ್ ಅಂಗಡಿ. 1983ರಲ್ಲಿ ಮಗನಿಗೆ 75 ತುಂಬಿದಾಗ ಊರಿನವರು ಪ್ರತಿಮೆ ನಿಲ್ಲಿಸಿದರು, 1995ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ಅಷ್ಟಕ್ಕೇ ಬಿಡಲಿಲ್ಲ. ಅದರೊಳಗೆ ಪುಟ್ಟ ಚಿತ್ರಮಂದಿರವನ್ನೂ ಮಾಡಿದರು, ಅವನ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಹೆಸರಿನಲ್ಲೇ ಚಳಿಗಾಲದ ಉತ್ಸವ ನಡೆಸುತ್ತ ಬಂದರು. ಊರಿನ ಮಕ್ಕಳು ತಮ್ಮ ಬೀದಿಯಲ್ಲಿ ಓಡಾಡಿದವನೊಬ್ಬ ಪರದೆಯ ಮೇಲೆ ನಡೆಯುವುದನ್ನು ತಮ್ಮ ಬೀದಿಯಲ್ಲೇ ಕೂತು ನೋಡುತ್ತಾರೆ. ಹುಟ್ಟೂರಿನ ಉತ್ಸವ ಎಂದರೆ ಅದು.

ಕನ್ನಡಿಗರಾದ ನಮಗೆ ಇದು ಅರ್ಥವಾಗದ ಮಾತಲ್ಲ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಪಹರಿಸಿದ್ದು ಆ ಊರಿನ ಮನೆಯಿಂದಲೇ. 108 ದಿನ ಎರಡು ರಾಜ್ಯಗಳು ತಳಮಳಿಸಿದವು. ಆಗಲೂ, ಕಾವೇರಿಗಾಗಿ ಎಷ್ಟೇ ಜಗಳವಾದಾಗಲೂ, ಗಾಜನೂರಿನವರು ರಾಜಣ್ಣನ ಸಿನಿಮಾ ನೋಡಬಾರದು ಎಂದು ಯಾರೂ ಕಾನೂನು ಮಾಡಲಿಲ್ಲ. ಅಂಥ ಕಾನೂನನ್ನು ಒಮ್ಮೆ ಊಹಿಸಿ ನೋಡಿ. ಎಷ್ಟು ಅಸಂಬದ್ಧ ಅನ್ನಿಸುತ್ತದೋ, ಪೇಶಾವರದಲ್ಲಿ ನಡೆದಿರುವುದು ಅಷ್ಟೇ ಅಸಂಬದ್ಧ. ಅದು ದೇಶ-ದೇಶಗಳ ನಡುವಿನ ಗಡಿ, ಇದು ರಾಜ್ಯಗಳ ಗಡಿ ಎನ್ನಬಹುದು. ಹೌದು, ವ್ಯತ್ಯಾಸವಿದೆ. ಆದರೆ ತನ್ನೂರ ಹುಡುಗನನ್ನು ನೋಡಬೇಕೆಂಬ ಆಸೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾದರೆ ನಾವು ಕೇಳುವುದೇನು? ದೊಡ್ಡದೇನೂ ಅಲ್ಲ. ಪೇಶಾವರದಲ್ಲಿ ಎರಡು ದಿನ, ಒಂದು ಸಭಾಂಗಣ, ನಾಲ್ಕು ಚಿತ್ರ. ಮಂತ್ರಿಗಳ ಭಾಷಣ ಬೇಡ, ಕೇಕು ಕತ್ತರಿಸುವುದು ಬೇಡ, ಟಿಕೆಟ್ ಬೆಲೆ ಕೂಲಿಕಾರನ ಜೇಬಿಗೆ ಎಟಕುವಂತಿರಲಿ. ಚಿತ್ರದ ಪ್ರತಿಗಳನ್ನು ಇಲ್ಲಿಂದ ಕಳಿಸಲಿ. ಶತಮಾನೋತ್ಸವಗಳಿಗೆಂದು ಸಿದ್ಧವಾದ ಪ್ರತಿಗಳು ಹೇಗೂ ಇವೆ. ಬದಲಿಗೆ ಇಲ್ಲೂ ಒಂದು ಉತ್ಸವ ನಡೆಯಲಿ. ಪಾಕಿಸ್ತಾನದ ಜನಪ್ರಿಯ ನಾಯಕರಾಗಿದ್ದ ಮುಹಮ್ಮದ್ ಅಲಿ 1931ರಲ್ಲಿ ಹುಟ್ಟಿದ್ದು ನಮ್ಮ ಉತ್ತರ ಪ್ರದೇಶದ ರಾಂಪುರದಲ್ಲಿ. 1989ರಲ್ಲಿ ಮನೋಜ್ ಕುಮಾರರ 'ಕ್ಲರ್ಕ್' ಚಿತ್ರದಲ್ಲಿ ಬಂದು ನಟಿಸಿಯೂ ಹೋದರು. 2031ಕ್ಕೆ ಅವರಿಗೂ ನೂರು ವರ್ಷ. ರಾಂಪುರದವರು ತಮ್ಮ ಮಗನ ಚಿತ್ರಗಳನ್ನು ತಮ್ಮೂರಲ್ಲೇ ನೋಡಲಿ.

ಇದರಿಂದ ಕಾಶ್ಮೀರದ ಸಮಸ್ಯೆ ಬಗೆಹರಿಯುತ್ತದೆ ಎಂದು ನಾವು ನಂಬಿಲ್ಲ. ಸಿನಿಮಾ ಯುದ್ಧ ನಿಲ್ಲಿಸುವುದಿಲ್ಲ. ಆದರೆ ಎದುರು ಮನೆಯವನು ರಾಕ್ಷಸ ಎಂದು ಮಕ್ಕಳಿಗೆ ಕಲಿಸುವುದನ್ನು ಅದು ಸ್ವಲ್ಪ ಕಷ್ಟ ಮಾಡುತ್ತದೆ. ದಿಲೀಪ್ ಕುಮಾರರನ್ನು ನೋಡಿ ಅತ್ತ ಪೇಶಾವರದ ಹುಡುಗನಿಗೆ ಭಾರತವೆಂದರೆ ಬರೀ ವಿಮಾನ, ಬಾಂಬುಗಳಾಗಿ ಉಳಿಯುವುದಿಲ್ಲ. ಆ ಅಳುವನ್ನು ಕಲಿಸಿದವನು ಪೇಶಾವರದವನೆಂದು ತಿಳಿದ ಶಿವಮೊಗ್ಗದ ಹುಡುಗನಿಗೂ ಪಾಕಿಸ್ತಾನವೆಂದರೆ ಬರೀ ಭಯೋತ್ಪಾದಕರಾಗಿ ಉಳಿಯುವುದಿಲ್ಲ. ಎರಡೂ ಕಡೆಯ ದ್ವೇಷದ ವ್ಯಾಪಾರಿಗಳು ಹೆದರುವುದು ಇದಕ್ಕೇ.

ಕಿಸ್ಸಾ ಖ್ವಾನಿ ಎಂದರೆ ಕಥೆ ಹೇಳುವುದು. ದೂರದಿಂದ ಬಂದ ಸಾರ್ಥವಾಹರು ತಂಗಿ, ಕಹ್ವಾ ಕುಡಿಯುತ್ತ, ಕಂಡ ದೇಶಗಳ ಕಥೆ ಹೇಳುತ್ತಿದ್ದ ಬಜಾರು ಅದು. 1930ರ ಏಪ್ರಿಲ್ 23ರಂದು ಅಲ್ಲೇ ಬ್ರಿಟಿಷರು ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಿದಾಗ, ಚಂದ್ರ ಸಿಂಗ್ ಗಢವಾಲಿ ಮತ್ತು ಸಂಗಡಿಗರು ಗುಂಡು ಹೊಡೆಯಲು ನಿರಾಕರಿಸಿದರು. ಬೆಟ್ಟದ ಹಿಂದೂ ಸಿಪಾಯಿಗಳು ಗಡಿನಾಡಿನ ಮುಸಲ್ಮಾನರಿಗಾಗಿ ಸೆರೆಮನೆಗೆ ಹೋದ ಬೀದಿ ಅದು. ಆ ಬೀದಿಗೆ ಕಥೆ ಹೊಸದಲ್ಲ, ಪರದೇಶಿಯೂ ಹೊಸಬನಲ್ಲ. ಈಗ ಬಂದು ಕಥೆ ಹೇಳಬೇಕೆಂದು ಕಾಯುತ್ತಿರುವವನು ಪರದೇಶಿಯೂ ಅಲ್ಲ, ಆ ಗಲ್ಲಿಯ ಹುಡುಗ. ಮನೆಯ ಗೋಡೆಗೆ ಸುಣ್ಣ ಬಳಿಯುವುದು ನಿಧಾನವಾದರೂ ಆದೀತು. ಮೊದಲು ಅಲ್ಲೊಂದು ಬಿಳಿ ಪರದೆ ಕಟ್ಟಿ.